ಎದುರಾಳಿಯ ಮಾತು ಮೊದಲು

ಹರಿಹರದ ಹಾಲೇಶಣ್ಣ ಯಾರ ಮಾತನ್ನಾದರೂ ಒಪ್ಪದಿದ್ದರೆ, ಮೊದಲು ಆ ಮಾತನ್ನು ಆಡಿದವರಿಗಿಂತ ಚೆನ್ನಾಗಿ ತಾವೇ ಆಡಿ ತೋರಿಸುತ್ತಿದ್ದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಇದು ಅವರ ಮಾತು. ಈಗ ನಂದು ಕೇಳ್ರಿ" ಎನ್ನುತ್ತಿದ್ದರು.

ಅವರು ವಿಮಾ ಏಜೆಂಟ್. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ದಾವಣಗೆರೆಗೆ ಬಂದು ನಮ್ಮ ವಿನೋಬನಗರದ ಬೀದಿ ವ್ಯಾಪಾರಿಗಳಿಗೆ ಸಣ್ಣ ಸಣ್ಣ ಪಾಲಿಸಿ ಮಾಡಿಸುತ್ತಿದ್ದರು. ಈ ಅಭ್ಯಾಸವೂ ಅದೇ ಕಸುಬಿನದು. "ಪಾಲಿಸಿ ಯಾಕ ಬ್ಯಾಡ ಅಂತ ಗಿರಾಕಿಗಿಂತ ಮೊದ್ಲು ನಾನೇ ಹೇಳಿಬಿಡ್ತೀನಿ ತಂಗಿ. ಆಗ ಕೂಡ್ರಿ ಅಂತಾರೆ" ಎಂದು ನನಗೆ ಹೇಳಿ ನಗುತ್ತಿದ್ದರು.

ವ್ಯಾಪಾರಿಗಳೂ ಇದ್ದ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಅವರನ್ನೂ ಸೇರಿಸಿದ್ದರು; ಅಲ್ಲೂ ಅವರದು ಇದೇ ರೀತಿ. ಟೈಪ್ ಮಾಡುವುದು ಆಗದು. ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು, ಹಿಂದೆ ಬಸ್ಸಿನ ಹಾರ್ನ್ ಸಮೇತ. ನಾನು ದಿನಚರಿಯಲ್ಲಿ ಗ್ರೂಪಿನ ಜಗಳಗಳ ಲೆಕ್ಕವಿಡುತ್ತಿದ್ದೆ: ಮಾತಿಗೆ ಉತ್ತರ ಕೊಟ್ಟವರು ಒಂದು ಕಡೆ, ಆಡಿದವರನ್ನು ಬೈದವರು ಇನ್ನೊಂದು ಕಡೆ. ಮೊದಲ ಕಡೆ ಹೆಚ್ಚಾಗಿ ಎರಡೇ ಹೆಸರು. ಒಂದು ಹಾಲೇಶಣ್ಣನದು, ಇನ್ನೊಂದು ಅವರ ಕಾಯಂ ಎದುರಾಳಿ, ಮಂಡಿಪೇಟೆಯ ಕಾಳಿನ ವ್ಯಾಪಾರಿ ವೀರಭದ್ರಪ್ಪನವರದು. "ನನ್ನ ಪರವಾಗಿ ನೀವೇ ಇಷ್ಟು ಚಂದ ಮಾತಾಡಿದ್ರೆ ನಾನು ಅಂಗಡಿ ನೋಡ್ಕೊಂತೀನಿ ಬಿಡ್ರಿ" ಎಂದು ವೀರಭದ್ರಪ್ಪ ಕಾಲೆಳೆಯುತ್ತಿದ್ದರು.

ಚುನಾವಣೆ ಹತ್ತಿರ ಬಂದಾಗ, ರಸ್ತೆ ಬದಿಯ ಗಾಡಿಗಳನ್ನು ಎಬ್ಬಿಸಬೇಕೋ ಬೇಡವೋ ಎಂಬ ವಾದ ಎದ್ದಿತು. ಎಬ್ಬಿಸಬೇಕೆಂದವರು ವೀರಭದ್ರಪ್ಪ. ಹಾಲೇಶಣ್ಣ ಎಂದಿನಂತೆ ಅವರ ಮಾತಿನಿಂದಲೇ ಶುರುಮಾಡಿದರು: "ಫುಟ್‌ಪಾತ್ ನಡೆಯೋರದ್ದು. ಬಾಡಿಗೆ ಕಟ್ಟೋ ಅಂಗಡಿಯವನು ನೊಣ ಹೊಡೀಬೇಕು, ಕಟ್ಟದವನು ಅವನ ಮುಂದೆ ಕೂತು ಮಾರ್ಬೇಕಾ? ಎಬ್ಬಿಸ್ರಿ ಎಲ್ರನ್ನೂ." ಅನಂತರ ಅದರ ಎರಡರಷ್ಟು ಹೊತ್ತು, ಯಾಕೆ ಎಬ್ಬಿಸಬಾರದೆಂದು ಹೇಳಿದ್ದರು.

ಯಾರೋ ಮೊದಲಿನ ಭಾಗವನ್ನಷ್ಟೇ ಕತ್ತರಿಸಿ ಹರಿಬಿಟ್ಟರು. ಸಂಜೆಯೊಳಗೆ ಅದು ಗಾಡಿಗಾಡಿಯಲ್ಲೂ ಕೇಳತೊಡಗಿತು. ಹಾಲೇಶಣ್ಣ ಪೂರ್ತಿ ಮೆಸೇಜನ್ನು ಮತ್ತೆ ಹಾಕಿದರು. "ಸಿಕ್ಕಿಬಿದ್ಮೇಲೆ ಬಾಲ ಜೋಡಿಸ್ಯಾನೆ" ಎಂದು ಒಬ್ಬ ಬರೆದ. "ಅದು ನನ್ನ ವಾದ, ಅವರದಲ್ಲ" ಎಂದು ವೀರಭದ್ರಪ್ಪ ಬರೆದರು. "ಇಬ್ರೂ ಒಳಗೊಳಗೆ ಒಂದೇ" ಎಂಬ ಉತ್ತರ ಬಂತು. ಪೂರ್ತಿ ಕೇಳಿದೆನೆಂದು ಹೇಳಿದವರು ಒಬ್ಬರೂ ಇಲ್ಲ.

ಮರುದಿನ ನಾನೂ ಹಾಲೇಶಣ್ಣನ ಜೊತೆ ಹೂವಿನ ರೇಣುಕಮ್ಮನ ಗಾಡಿಗೆ ಹೋದೆ. ಅವರ ಮೊದಲ ಗಿರಾಕಿ ಆಕೆಯೇ. "ಪೂರ್ತಿ ಕೇಳವ್ವಾ, ಆಮ್ಯಾಲೆ ಬೈಯುವಂತಿ" ಎಂದು ಫೋನು ಹಿಡಿದರು.

ಆಕೆ ಮಾಲೆ ಕಟ್ಟುವುದನ್ನು ನಿಲ್ಲಿಸಲಿಲ್ಲ. "ದನಿ ನಿಮ್ದೇ ಹೌದಲ್ರಿ ಅಣ್ಣಾ?"

"ನಂದೇ."

"ಸಾಕ್ ಬಿಡ್ರಿ. ಇನ್ಮ್ಯಾಲೆ ಕಂತು ನಾನೇ ಆಫೀಸಿಗೆ ಹೋಗಿ ಕಟ್ತೀನಿ."

ಒಬ್ಬೊಬ್ಬರಾಗಿ ಎಲ್ಲರೂ ಹಾಗೆಯೇ ಅಂದರು. ಹಾಲೇಶಣ್ಣ ಗ್ರೂಪು ಬಿಟ್ಟರು; ದಾವಣಗೆರೆಗೆ ಬರುವುದನ್ನೂ ಬಿಟ್ಟರು.

ಗಾಡಿಗಳನ್ನು ನಿಜವಾಗಿಯೂ ಎಬ್ಬಿಸಿದ ವಾರ ನಾನು ಹರಿಹರಕ್ಕೆ ಹೋದೆ. ಅವರನ್ನು ಕಂಡದ್ದು ಅದೇ ಕೊನೆ. ಗ್ರೂಪಿಗೆಂದು ಉದ್ದವಾಗಿ ಬರೆದದ್ದನ್ನು ತೋರಿಸಿದೆ. ಅವರಿಂದ ಕಲಿತಂತೆ, ಎಬ್ಬಿಸಿದವರ ವಾದವನ್ನೇ ಮೊದಲು ಇಟ್ಟಿದ್ದೆ. ಫೋನನ್ನು ದೂರ ಹಿಡಿದು ನಿಧಾನವಾಗಿ ಓದಿದರು.

"ಚಲೋ ಬರ್ದೀಯ. ಅವರೇ ಇಷ್ಟು ಚಂದ ಹೇಳಿರ್ಲಿಲ್ಲ" ಎಂದರು. ಅವರ ಮುಖ ಒಂದು ಗಳಿಗೆ ಅರಳಿತು.

"ಹಂಗಾದ್ರೆ ಕಳಿಸ್ಲಾ ಅಣ್ಣಾ?"

"ಬ್ಯಾಡ ತಂಗಿ. ನೀನು ಆ ಊರಾಗೇ ಇರ್ಬೇಕು."

ಟೈಪ್ ಮಾಡಲು ಬಾರದ ಆ ಹೆಬ್ಬೆರಳಿನಿಂದ, ನಾನು ನೋಡುತ್ತಿರುವಂತೆಯೇ, ಎದುರಿನವರ ಮಾತನ್ನಷ್ಟೇ ಒಂದೊಂದೇ ಅಕ್ಷರವಾಗಿ ಅಳಿಸಿ ಫೋನನ್ನು ನನ್ನ ಕೈಗಿಟ್ಟರು.