ನಾನು ಮಾಲತಿಯ ಅತಿಥಿ

ನಮ್ಮವರೆಲ್ಲ ಕೇಳಿ, ಈ ಬೆಳಿಗ್ಗೆ ಕಸ್ಬಾದ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನನ್ನನ್ನೇ ತಡೆದರು. ಪೂಜೆಗೆ ದಾಸವಾಳ ತರಲು ಹೋದವಳು ಫೋನು ಮನೆಯಲ್ಲೇ ಬಿಟ್ಟಿದ್ದೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಹೊಸ ಕಾವಲುಗಾರ "ಇಲ್ಲಿಯವರಾದ್ರೆ ಗೇಟಿನ ಆ್ಯಪ್ ತೋರಿಸಿ" ಎಂದು ಹಟ ಹಿಡಿದ.

ಅಷ್ಟರಲ್ಲಿ ನಮ್ಮ ಮನೆಗೆಲಸದ ಮಾಲತಿ ಬಂದಳು; ಅವಳಿಗೆ ನಾನು ಮಾಶಿಮಾ, ಅಂದರೆ ಬಂಗಾಳಿಯಲ್ಲಿ ಚಿಕ್ಕಮ್ಮ. "ನಮ್ಮ ಮಾಶಿಮಾ ಕಣೋ! ನನ್ನ ಹೆಸರಲ್ಲಿ ಬರ್ಕೊಂಡು ಒಳಗೆ ಬಿಡು" ಎಂದು ತನ್ನ ಪಾಸ್ ತೋರಿಸಿದಳು.

ಅವನು ಬರೆದುಕೊಂಡ. "ಆದ್ರೆ ಕೆಲಸದವರಿಗೆ ಸರ್ವಿಸ್ ಲಿಫ್ಟು. ಅವರ ಕಡೆಯವರಿಗೂ ಅದೇ."

ಆ ಲಿಫ್ಟಿನಲ್ಲಿ ಕಸದ ಡಬ್ಬಗಳ ಪಕ್ಕ ನಿಂತು ಮಾಲತಿ ನನ್ನ ಕೈ ಹಿಡಿದು ನಕ್ಕಳು. "ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಯ್ತು ಮಾಶಿಮಾ, ನಾವಿಬ್ರೂ ಒಟ್ಟಿಗೆ ಮೇಲೆ ಹೋಗ್ತಿರೋದು ಇವತ್ತೇ!"

ನಾಳೆಯೂ ಫೋನು ಮರೆಯಬೇಕೆಂದಿದ್ದೇನೆ.