ಜಿಂಕೆ ಮುಟ್ಟದ ಹೂವು

ಬೆಳಿಗ್ಗೆ ಹೆಲಬೋರ್ ಗಿಡದ ಹಳೇ ಎಲೆ ಕತ್ತರಿಸುತ್ತ ಕೂತಿದ್ದೆ, ಫೋನ್ ಬಂತು. ಶ್ಯಾಂಟಿಲಿ ಊರಿನ ಸಿಂಧು. ಹೋದ ಅಕ್ಟೋಬರಿನಲ್ಲಿ ನನ್ನಿಂದ ಒಂದು ಸಸಿ ತಗೊಂಡು ಹೋದ ಹುಡುಗಿ. ನನ್ನನ್ನು ಆಂಟಿ ಅನ್ನುತ್ತಾಳೆ. ಮೊದಮೊದಲು ಮುಖ ಸಿಂಡರಿಸುತ್ತಿದ್ದೆ; ಈಗ ನನ್ನ ಮಂಡಿಗಳೇ ಅವಳ ಪರ ಸಾಕ್ಷಿ ಹೇಳುವುದರಿಂದ ಒಪ್ಪಿಕೊಂಡಿದ್ದೇನೆ.

"ಆಂಟಿ, ಗಿಡ ಮೊಗ್ಗು ಬಿಟ್ಟಿದೆ. ಆದ್ರೆ ಈಗ್ತಾನೇ ಓದಿದೆ, ಅದು ಪಾಯ್ಸನ್ ಅಂತೆ! ನಮ್ಮತ್ತೆ ಹಾಸನದಿಂದ ಬಂದಿದಾರೆ, ಶಿವರಾತ್ರಿಗೆ ದೇವರಿಗೆ ಇಡೋಣ ಅಂತ ದಿನಾ ಹೋಗಿ ಮೊಗ್ಗು ನೋಡ್ತಿದಾರೆ. ಅವರಿಗೆ ಹೇಳ್ಲಾ, ಬೇಡ್ವಾ?"

"ಕೈ ತೊಳ್ಕೊಂಡು ಫೋನ್ ಮಾಡ್ತೀನಿ ಇರು" ಅಂದೆ. ಈ ಗಿಡ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ನಲ್ಲಿ ಬಿಟ್ಟುಕೊಂಡು ನಿಂತವಳಿಗೆ ನಗು ಬಂತು. ಅವಳು ಕೇಳಿದ ಅದೇ ಪ್ರಶ್ನೆ ಒಂದು ಕಾಲದಲ್ಲಿ ಐದು ತಿಂಗಳು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನಿಮಗೆ ಹೇಳುವುದಕ್ಕೇನು, ಕೂತುಕೊಳ್ಳಿ.

2020ರಲ್ಲಿ ನಮ್ಮತ್ತೆ ಯುಗಾದಿ ಮುಗಿಸಿಕೊಂಡು ಹೋಗ್ತೀನಿ ಅಂತ ಮೈಸೂರಿನಿಂದ ಅಮೆರಿಕಕ್ಕೆ, ಕ್ಲಾರ್ಕ್ಸ್‌ಬರ್ಗಿನ ನಮ್ಮ ಮನೆಗೆ ಬಂದರು. ಬಂದದ್ದೇ ತಡ, ವಿಮಾನಗಳೆಲ್ಲ ನಿಂತುಹೋದವು. ಯುಗಾದಿ ಹೋಯಿತು, ಗೌರಿ ಹಬ್ಬ ಹೋಯಿತು, ಅತ್ತೆ ಇಲ್ಲೇ. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ. ಜಗಳವಾಡುವಷ್ಟು ಸಲಿಗೆಯೂ ಇರಲಿಲ್ಲ ಅನ್ನಿ. ಅವರು "ಚೆನ್ನಾಗಿದೆಯಮ್ಮ" ಅನ್ನುವರು, ನಾನು "ಸರಿ ಅತ್ತೆ" ಅನ್ನುವೆ. ಹೀಗೆ ಸಾಗಿತ್ತು ಸಂಸಾರ.

ಸೂಟ್‌ಕೇಸಿನಲ್ಲಿ ಹುಳಿಪುಡಿ, ಉಪ್ಪಿನಕಾಯಿಯ ಜೊತೆ ಒಂದು ಬೆತ್ತದ ಹೂಬುಟ್ಟಿ ತಂದಿದ್ದರು. ದಿನಾ ಸ್ನಾನ ಮಾಡಿ, ಬುಟ್ಟಿ ಹಿಡಿದು, ಹಿಂದಿನ ಬಾಗಿಲು ತೆಗೆದು ನೋಡುವರು. ಹುಲ್ಲು. ಬರೀ ಹುಲ್ಲು. ಬಾಗಿಲು ಹಾಕಿ ಅಕ್ಷತೆಯಲ್ಲೇ ಪೂಜೆ ಮುಗಿಸುವರು. ಮದುವೆಯಾದಾಗಿನಿಂದ ತಮ್ಮ ಕೈಯಾರೆ ಬಿಡಿಸಿದ ಹೂವನ್ನೇ ದೇವರಿಗೆ ಇಟ್ಟವರು. ನಾನು ಅಂಗಡಿಯಿಂದ ಪ್ಲಾಸ್ಟಿಕ್ ಸುತ್ತಿದ ಹೂವು ತಂದುಕೊಟ್ಟರೆ "ಚೆನ್ನಾಗಿದೆಯಮ್ಮ, ಟೇಬಲ್ ಮೇಲಿಡು" ಅಂದುಬಿಡುವರು. ಒಂದು ದಿನ ಮಾತ್ರ, ಬಾಗಿಲಲ್ಲಿ ನಿಂತು, ತಮ್ಮಷ್ಟಕ್ಕೇ ಅಂದರು: "ಇಷ್ಟು ದೊಡ್ಡ ಅಂಗಳ, ಒಂದು ಹೂವಿಲ್ಲವಲ್ಲ." ಅಂದದ್ದು ಹುಲ್ಲಿಗೆ, ತಗುಲಿದ್ದು ನನಗೆ.

ನಾನೇನು ಸುಮ್ಮನೆ ಕೂತವಳೇ? ದಾಸವಾಳ ನೆಟ್ಟೆ, ಹಿಂದಿನ ಕಾಡಿನಿಂದ ಜಿಂಕೆ ಬಂದು ತಿಂದಿತು. ಗುಲಾಬಿ ನೆಟ್ಟೆ, ಮುಳ್ಳೂ ಬಿಡದೆ ತಿಂದಿತು. ಸೇವಂತಿಗೆ ಕುಂಡವನ್ನು ಮೆಟ್ಟಿಲ ಮೇಲಿಟ್ಟೆ. ಮೆಟ್ಟಿಲು ಹತ್ತಿ ಬಂದು ತಿಂದು, ಗಾಜಿನ ಬಾಗಿಲ ಆಚೆಯಿಂದ ನನ್ನನ್ನೇ ನೋಡುತ್ತ ಅಗಿಯಿತು, ಮುಂಡೇದು! ಅವತ್ತು ರೋಷ ನೆತ್ತಿಗೇರಿ, "ಅತ್ತೆ, ಶಿವರಾತ್ರಿ ಹೊತ್ತಿಗೆ ನಿಮ್ಮ ಬುಟ್ಟಿಗೆ ನಮ್ಮ ಅಂಗಳದ್ದೇ ಹೂವು ಹಾಕಿಸ್ತೀನಿ, ನೋಡ್ತಿರಿ" ಅಂದುಬಿಟ್ಟೆ. ನಮ್ಮೆಜಮಾನರು ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ಆಗಿನ್ನೂ ಇಲ್ಲಿ ಸ್ನೋ ಬೀಳ್ತಿರತ್ತೆ ಕಣೇ" ಅಂದರು. ನೀವು ಮೀಟಿಂಗ್ ನೋಡ್ಕೊಳ್ಳಿ ಅಂದೆ. ಅತ್ತೆ ಎದ್ದು ಹೋಗಿ ಬುಟ್ಟಿಯನ್ನು ತೊಳೆದು ಬಿಸಿಲಿಗಿಟ್ಟರು. ಅದನ್ನು ನೋಡಿದ ಮೇಲೆ ಮಾತಿಗೆ ತಪ್ಪುವ ಹಾಗೇ ಇರಲಿಲ್ಲ.

ನನ್ನ ಪುಣ್ಯಕ್ಕೆ ಪಕ್ಕದ ಮನೆಯಲ್ಲಿ ಡೋರತಿ ಇದ್ದರು. ಟೀಚರ್ ಆಗಿ ರಿಟೈರ್ ಆದವರು. ಅಕ್ಟೋಬರಿನಲ್ಲಿ ಒಂದು ದಿನ ಮಾಸ್ಕ್ ಹಾಕಿಕೊಂಡು ಬೇಲಿಯ ಮೇಲಿಂದ ಮೂರು ಕುಂಡ ದಾಟಿಸಿದರು. "ಹೆಲಬೋರ್. ಚಳಿ ಮುಗಿಯೋ ಮೊದಲೇ ಹೂ ಬಿಡತ್ತೆ. ಮನೆಯ ನೆರಳಲ್ಲಿ ನೆಡು, ನೀರು ಕಮ್ಮಿ ಹಾಕು. ಜಿಂಕೆ ಮೂಸಿ ಕೂಡ ನೋಡಲ್ಲ." ಯಾಕೆ ಅಂದೆ. "ಬೇರಿಂದ ಹೂವಿನ ತನಕ ವಿಷ. ಬಾಯಿಗೆ ಹೋಗದ ಹಾಗೆ ನೋಡ್ಕೋ, ಮುಟ್ಟಿದರೆ ಕೈ ತೊಳಿ."

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಚಳಿಯಲ್ಲಿ ಅರಳುವುದು ಹೇಳಿದೆ, ಜಿಂಕೆ ಮುಟ್ಟದಿರುವುದು ಹೇಳಿದೆ. ಕೊನೆಯದೊಂದು ಬಿಟ್ಟು. ವಿಷದ ಹೂವು ಅಂದರೆ ಅತ್ತೆ ಬುಟ್ಟಿ ಎತ್ತಿಟ್ಟುಬಿಟ್ಟರೆ? "ಕೈ ಮಾತ್ರ ತೊಳ್ಕೊಳಿ ಅತ್ತೆ, ಕೊರೋನಾ" ಅಂದೆ. ಆ ವರ್ಷ ಯಾವ ಸುಳ್ಳಿಗೂ ಅದೊಂದು ಸಾಕಾಗುತ್ತಿತ್ತು.

ಮೂರು ಗಿಡಗಳಲ್ಲಿ ಮೊದಲನೆಯದನ್ನು ಕೊಂದವಳು ನಾನೇ. ತುಳಸಿಗೆ ಹಾಕುವ ಹಾಗೆ ದಿನಾ ಚೊಂಬು ಚೊಂಬು ನೀರು ಹಾಕಿ, ಬುಡ ಕೊಳೆಸಿದೆ. ಎರಡನೆಯದು ನಮ್ಮೆಜಮಾನರ ಪಾಲು. ಹಳೇ ಎಲೆ ತೆಗೀಬೇಕು ರೀ ಅಂದದ್ದಕ್ಕೆ ಹುಲ್ಲು ಕತ್ತರಿಸುವ ಮಷೀನು ತಂದು ಝುಯ್ ಅಂತ ಎಲೆ, ಮೊಗ್ಗು ಎಲ್ಲ ಒಂದೇ ಸಮ ಮಾಡಿದರು. ಉಳಿದದ್ದು ಒಂದು. ಫೆಬ್ರವರಿಯಲ್ಲಿ ಹಿಮ ಸರಿಸಿ ನೋಡಿದರೆ ಅದರ ಬುಡದಲ್ಲಿ ಕೆಂಪಗೆ ಏಳು ಮೊಗ್ಗು! ಹೆಲಬೋರ್ ಹೂವು ನೆಲ ನೋಡಿಕೊಂಡೇ ಅರಳುತ್ತದೆ. ಅದರ ಮುಖ ನೋಡಬೇಕಾದರೆ ನೀವು ಅದಕ್ಕಿಂತ ಕೆಳಗೆ ಹೋಗಬೇಕು. ಅವು ಅರಳಿದ ದಿನ ನಾನು ಜಾಕೆಟ್ ಹಾಕಿಕೊಂಡು ಒದ್ದೆ ಹುಲ್ಲಿನ ಮೇಲೆ ಅಂಗಾತ ಮಲಗಿ ಫೋಟೋ ತೆಗೆಯುತ್ತಿದ್ದರೆ, ಬಿದ್ದುಬಿಟ್ಟಿದ್ದಾಳೆ ಅಂತ ಡೋರತಿ ಓಡಿ ಬಂದಿದ್ದರು.

ಶಿವರಾತ್ರಿಗೆ ಮೂರು ದಿನವಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಮೈ ಮರಗಟ್ಟುವ ಚಳಿ, ನೆಲವೆಲ್ಲ ಬೆಳ್ಳಗೆ. ಗಿಡ ಮಲಗಿಬಿಟ್ಟಿತ್ತು. ಏಳಕ್ಕೆ ಏಳು ಹೂವೂ ಬೇಯಿಸಿದ ಸೊಪ್ಪಿನ ಹಾಗೆ ನೆಲಕ್ಕೆ ಅಂಟಿಕೊಂಡಿದ್ದವು. ಅಯ್ಯೋ ದೇವರೇ ಅಂತ ಒಳಗೆ ಓಡಿ, ಬಿಸಿನೀರಿನ ಕೆಟಲ್ ತಂದೆ, ಸುರಿಯೋಣ ಅಂತ. ಅತ್ತೆ ಗಪ್ಪನೆ ನನ್ನ ರಟ್ಟೆ ಹಿಡಿದುಕೊಂಡರು.

"ಬೇಡ ಕಣೇ. ಬಿಸಿಲು ಬರಲಿ, ನೋಡೋಣ."

ಮೊದಲ ಸಲ ನನ್ನನ್ನು ಕಣೇ ಅಂದಿದ್ದರು. ಆ ಗಡಿಬಿಡಿಯಲ್ಲಿ ನಾನದನ್ನು ಗಮನಿಸಲೂ ಇಲ್ಲ. ಇಬ್ಬರೂ ಶಾಲು ಹೊದ್ದು ಮೆಟ್ಟಿಲ ಮೇಲೆ ಕೂತೆವು, ಕಾಫಿ ಕುಡಿದೆವು, ಮತ್ತೆ ಕಾಫಿ ಕುಡಿದೆವು. ನನಗೆ ಅಳು ಬಂತು, ಅತ್ತುಬಿಟ್ಟೆ. ಹತ್ತೂವರೆಗೆ ಒಂದು ದಂಟು ಅಲುಗಿದ ಹಾಗಾಯಿತು. ಹನ್ನೊಂದಕ್ಕೆ ಅರ್ಧ ಎದ್ದಿತು. ಹನ್ನೆರಡಕ್ಕೆ ಏಳೂ ದಂಟು ನೆಟ್ಟಗೆ, ಏನೂ ಆಗಿಲ್ಲವೇನೋ ಅನ್ನುವ ಹಾಗೆ! ಎದ್ದಿತು ಕಣ್ರೀ! "ಎದ್ದಿತು, ಎದ್ದಿತು!" ಅಂತ ನಾನು ಕೂಗಿದ್ದು ನಮ್ಮೆಜಮಾನರ ಮೀಟಿಂಗಿನಲ್ಲಿದ್ದವರಿಗೆಲ್ಲ ಕೇಳಿಸಿತಂತೆ. ಗಿಡದೊಳಗಿನ ನೀರು ಸರಿದುಕೊಂಡು ದಂಟು ಬಾಗುವುದೇ ಅದು ಚಳಿ ತಡೆಯುವ ಉಪಾಯವೆಂದು ಡೋರತಿ ಆಮೇಲೆ ಹೇಳಿದರು.

ಶಿವರಾತ್ರಿಯ ಬೆಳಿಗ್ಗೆ ಅತ್ತೆ ಮಡಿಯುಟ್ಟು, ಬುಟ್ಟಿ ಹಿಡಿದು ಬಾಗಿಲಿಗೆ ಬಂದರು. ಗೆದ್ದೆ ಅಂತ ನಾನು ಕುಣಿಯಬೇಕಾಗಿತ್ತು. ಆದರೆ ಸುಳ್ಳು ಹೇಳಿ ದೇವರ ತಲೆಯ ಮೇಲೆ ಹೂವು ಇಡಿಸುವುದೇ? ಬಾಗಿಲಿಗೆ ಅಡ್ಡ ನಿಂತೆ.

"ಅತ್ತೆ, ತಪ್ಪು ತಿಳ್ಕೋಬೇಡಿ. ಅದು ವಿಷದ ಹೂವು. ನನಗೆ ಅವತ್ತೇ ಗೊತ್ತಿತ್ತು."

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ಒಂದು ವರ್ಷದಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ಜಿಂಕೆ ಮುಟ್ಟಲ್ಲ ಅಂದ್ಯಲ್ಲ, ಆಗಲೇ ಗೊತ್ತಾಯ್ತು. ನಮ್ಮ ಕಡೆ ಬೇಲಿ ಮೇಲಿನ ಎಕ್ಕಾನ ಯಾವ ಹಸು ಮುಟ್ಟತ್ತೆ? ಶಿವನಿಗೆ ಅದನ್ನೇ ಇಡ್ತೀವಪ್ಪ. ಉಮ್ಮತ್ತಿ ಹೂವೂ ಇಡ್ತೀವಿ. ನಮ್ಮನೆ ದೇವರು ನಂಜುಂಡ ಕಣೇ, ಹಾಲಾಹಲ ಕುಡಿದು ಕೂತಿರೋನು. ಅವನಿಗೆ ಇದ್ಯಾವ ಲೆಕ್ಕ? ತೀರ್ಥದ ಬಟ್ಟಲಿಗೆ ಬೀಳಬಾರದು, ಯಾರಿಗೂ ಪ್ರಸಾದ ಅಂತ ಕೊಡಬಾರದು, ಅಷ್ಟೆ."

"ಮತ್ತೆ ಯಾಕೆ ಹೇಳಲಿಲ್ಲ ನೀವು?"

"ನೀನು ಹೇಳ್ತೀಯಾ ಇಲ್ವಾ ಅಂತ ನೋಡ್ತಿದ್ದೆ" ಅಂದರು. ಬುಟ್ಟಿಯನ್ನು ನನ್ನ ಕೈಗೆ ಕೊಟ್ಟರು. "ಹೋಗು, ನಿನ್ನ ಹೂವು, ನೀನೇ ಬಿಡಿಸ್ಕೊಂಡು ಬಾ."

ಐದು ಬಿಡಿಸಿ, ಎರಡನ್ನು ಗಿಡದಲ್ಲೇ ಬಿಟ್ಟೆ. ಅತ್ತೆ ಅವುಗಳನ್ನು ಲಿಂಗದ ಮೇಲೆ ಮುಖ ಮೇಲೆ ಮಾಡಿ ಇಟ್ಟರು. ನೇರಳೆ ಚುಕ್ಕೆಯ, ಕೆನೆ ಬಣ್ಣದ ಆ ಮುಖವನ್ನು ಮನೆಯವರೆಲ್ಲ ನೆಲಕ್ಕೆ ಬೀಳದೆ ನೋಡಿದ್ದು ಅವತ್ತೇ.

ಅತ್ತೆ ಮೈಸೂರಿಗೆ ಹೊರಟಾಗ ಬುಟ್ಟಿ ಇಲ್ಲೇ ಬಿಟ್ಟು ಹೋದರು. ಅಲ್ಲಿ ಇನ್ನೊಂದು ತಗೊಂಡಿದ್ದಾರೆ. ಫೋನಿನಲ್ಲಿ ಅದನ್ನು ತೋರಿಸಿ ನನ್ನನ್ನು ಉರಿಸುತ್ತಾರೆ, ನಾನೂ ಬಿಡುವುದಿಲ್ಲ. ಆ ಒಂದು ಗಿಡ ಬೀಜ ಉದುರಿಸಿ, ಸಸಿಯಾಗಿ, ಈಗ ಮನೆಯ ನೆರಳಿನುದ್ದಕ್ಕೂ ಹಬ್ಬಿದೆ. ಕ್ಲಾರ್ಕ್ಸ್‌ಬರ್ಗಿನ ನಮ್ಮವರ ಮನೆಗಳಿಗೂ, ಅಟ್ಲಾಂಟಾದ ನನ್ನ ತಂಗಿಯ ಮನೆಗೂ ಹೋಗಿದೆ. ಜಿಂಕೆಗಳು ಈಗಲೂ ಬರುತ್ತವೆ. ಬಂದು, ನೋಡಿ, ಹೋಗುತ್ತವೆ. ನಾನು ಕಿಟಕಿಯಲ್ಲಿ ನಿಂತು ಕಾಫಿ ಕುಡಿಯುತ್ತೇನೆ.

ಕೈ ಒರೆಸಿಕೊಂಡು ಸಿಂಧುಗೆ ಫೋನ್ ಮಾಡಿದೆ.

"ಜಿಂಕೆ ಮುಟ್ಟಲ್ಲ ಅಂತ ನಿಮ್ಮತ್ತೆಗೆ ಹೇಳಿದೀಯೇನೇ?"

"ಹ್ಞೂಂ ಆಂಟಿ, ಅದನ್ನ ಮೊದಲೇ ಹೇಳಿದೀನಿ."

"ಹಾಗಾದ್ರೆ ಅವರಿಗೆ ಆಗಲೇ ಗೊತ್ತು. ನೀನು ಬೇಗ ಹೋಗಿ ಹೇಳು."