ಕರೆಯಬಾರದ ಹೆಸರು

ಮೂಗು ಒರೆಸಿಕೊಳ್ಳಲು ಬಾರದ ಕೂಸಿಗೆ ಸಂದರ್ಶನವಂತೆ! ನನ್ನ ಮಗಳಿಗೆ ಆಗಿನ್ನೂ ಎರಡೂವರೆ ವರ್ಷ ತುಂಬಿರಲಿಲ್ಲ. ಚಳ್ಳಕೆರೆಯ ಆ ನರ್ಸರಿ ಶಾಲೆಯಲ್ಲಿ ಜೂನ್ ತಿಂಗಳ ಸೀಟಿಗೆ ದೀಪಾವಳಿ ಮುಗಿಯುತ್ತಿದ್ದಂತೆ ಅರ್ಜಿ ಹಾಕಬೇಕು. ನಾನು ಎಲ್ಲರಿಗಿಂತ ಮೊದಲೇ ಹೋಗಿ ಹಾಕಿ ಬಂದೆ. ಕೂಸಿನ ವಿದ್ಯೆಯ ಚಿಂತೆಯಿಂದಲ್ಲ, ಸುಳ್ಳೇಕೆ ಹೇಳಲಿ. ನಾನು ಮನೆಯಿಂದ ಹೊರಗೆ ಬೀಳಬೇಕಿತ್ತು. ಮದುವೆಗೆ ಮುಂಚೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು ನಾನು. ಊರಿನ ಒಂದು ಹೈಸ್ಕೂಲಿನವರು ಜೂನ್‌ಗೆ ಬನ್ನಿ ಎಂದಿದ್ದರು. ಮಾವ ಒಂದೇ ಮಾತಿನಲ್ಲಿ ಕಟ್ಟಿ ಹಾಕಿದ್ದರು: "ಕೂಸಿಗೆ ಸೀಟು ಸಿಕ್ರೆ ನೀನೂ ಹೋಗಮ್ಮ. ಸಿಗ್ಲಿಲ್ಲ ಅಂದ್ರೆ ಮನೇಲಿರು. ಇಡೀ ದಿನ ಅದನ್ನ ನೋಡ್ಕಳಾಕೆ ನಿಮ್ಮತ್ತೆ ಕೈಲಿ ಆಗಲ್ಲ."

ನಮ್ಮದು ಕಡಲೆಕಾಯಿ ವ್ಯಾಪಾರದ ಮನೆ. ಗಂಡಸರು ಬೆಳಿಗ್ಗೆ ಮಂಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮನೆಯಲ್ಲಿ ಅತ್ತೆ, ನಾನು, ಕೂಸು, ಮತ್ತೆ ಗೋಡೆಯ ಮೇಲೆ ಫೋಟೋದಲ್ಲಿ ಹಾರ ಹಾಕಿಸಿಕೊಂಡ ಮಾವನ ತಾಯಿ. "ನಮ್ಮವ್ವ ವಾಪಸ್ ಬಂದ್ಲು" ಅಂತ ಕಣ್ಣೀರು ಹಾಕಿಕೊಂಡು ಮಾವ ಕೂಸಿಗೆ ಆ ಮುದುಕಿಯ ಹೆಸರನ್ನೇ ಇಟ್ಟಿದ್ದರು. ಇಟ್ಟರೇನು ಬಂತು? ಮನೆಯ ಹಿರಿಯರ ಹೆಸರನ್ನು ಸೊಸೆಯಂದಿರು ಬಾಯಲ್ಲಿ ಆಡುವಂತಿಲ್ಲ. ಅತ್ತೆ ಆ ಮುದುಕಿಯ ಸೊಸೆ, ನಾನು ಸೊಸೆಯ ಸೊಸೆ. ಇನ್ನು ಮಾವ, ನನ್ನ ಗಂಡ ಇಬ್ಬರೂ ಕೂಸನ್ನು ಕರೆಯುವುದು "ಅವ್ವಾ" ಎಂದೇ. ಹಿರಿಯಳ ಹೆಸರು ಹಿಡಿದು ಕೂಗುವುದುಂಟೆ! ಹೀಗೆ ಹೆಸರು ತೊಟ್ಟಿಲ ದಿನಕ್ಕೇ ಮುಗಿದು ಹೋಯಿತು. ಇಲ್ಲೂ ನಾನದನ್ನು ಬರೆಯುವುದಿಲ್ಲ, ಅಷ್ಟು ಅಭ್ಯಾಸವಾಗಿಬಿಟ್ಟಿದೆ.

ಸಂದರ್ಶನಕ್ಕೆ ಅತ್ತೆಯೂ ಜೊತೆಗೆ ಬಂದರು.

"ನಿನ್ನ ಹೆಸ್ರೇನು ಪುಟ್ಟಾ?" ಎಂದು ಮೇಡಂ ಕೇಳಿದರು.

"ಅವ್ವ," ಎಂದಳು ಮಗಳು.

"ಅವ್ವನ ಹೆಸ್ರಲ್ಲಮ್ಮ, ನಿನ್ ಹೆಸ್ರು."

"ನಾನೇ ಅವ್ವ!" ಎಂದು ಎದೆ ತಟ್ಟಿಕೊಂಡಳು.

ಮೇಡಂ ಅರ್ಜಿ ನೋಡಿ ಹೆಸರು ಹಿಡಿದು ಕರೆದರು. ಕೂಸು ಇನ್ಯಾರೋ ಬಂದರೇನೋ ಎಂದು ಬಾಗಿಲ ಕಡೆ ತಿರುಗಿ ನೋಡಿತು.

"ತನ್ನ ಹೆಸ್ರೇ ಗೊತ್ತಿಲ್ವಲ್ರೀ! ಸೋಮವಾರ ಮತ್ತೆ ಕರ್ಕೊಂಡು ಬನ್ನಿ. ಆಗ್ಲೂ ಹೇಳ್ಲಿಲ್ಲ ಅಂದ್ರೆ ಬರೋ ವರ್ಷ ನೋಡೋಣ."

ಬರೋ ವರ್ಷ! ಹೈಸ್ಕೂಲಿನವರು ನನಗಾಗಿ ಅಲ್ಲಿಯವರೆಗೆ ಕಾಯುತ್ತಾರೆಯೇ?

ರಾತ್ರಿ ಗಂಡನಿಗೆ, "ನೀವಾದ್ರೂ ಹೆಸ್ರು ಹಿಡ್ದು ಕರೀರಿ" ಎಂದೆ. ಬಾಯಿ ತೆರೆದವರು ಫೋಟೋ ಕಡೆ ನೋಡಿ ಮುಚ್ಚಿಕೊಂಡರು. "ಆಗಲ್ಲ ಕಣೇ, ಅಜ್ಜಿ ಎದ್ದು ಬಂದು ಬೈದಂಗಾಗುತ್ತೆ."

ಮರುದಿನ ಕೂಸನ್ನು ಎತ್ತಿಕೊಂಡು ಮೊಳಕಾಲ್ಮುರಿನ ತವರಿಗೆ ಹೋದೆ. ನಮ್ಮವ್ವ ಆ ಮನೆಯ ಸೊಸೆಯಲ್ಲವಲ್ಲ, ಅವಳು ಕರೆಯಲಿ ಎಂದುಕೊಂಡೆ. "ಅಯ್ಯೋ, ಬೀಗರ ಮನೆ ಹಿರೇರ ಹೆಸ್ರು, ನಾನ್ ಹೆಂಗೆ ಕರೀಲೇ? ನಾಳೆ ಒಂದು ಮಾತು ಬಂದ್ರೆ?" ಎಂದಳು ಅವ್ವ. ನಮ್ಮ ಓಣಿಯ ಮಗ್ಗದ ಮನೆಗಳಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಎಲ್ಲರೂ "ಪಾಪ, ಪಾಪ" ಎಂದೇ ಮುದ್ದು ಮಾಡಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ನಿನ್ನ ಹೆಸರೇನು ಎಂದು ಕೇಳಿದರೆ ಕೂಸು "ಪಾಪ" ಎಂದಿತು. ಹೋದ ಪುಟ್ಟ ಬಂದ ಪುಟ್ಟ ಎನ್ನುವಂತಾಯಿತು ನನ್ನ ಪಾಡು.

ಭಾನುವಾರ ಅಡುಗೆಮನೆಯಲ್ಲಿ ನಿಂತು ನಾನೇ ಕರೆಯಲು ನೋಡಿದೆ. ಒಂದು ಕ್ಲಾಸಿನ ತುಂಬ ಹುಡುಗರಿಗೆ ಪ್ರಮೇಯ ಒದರಿದ ಬಾಯಿ ಅದೊಂದು ಹೆಸರಿಗೆ ಒಣಗಿ ಹೋಯಿತು. ಅಂದರೆ ಮತ್ತೊಂದು ವರ್ಷ ಇದೇ ಒಲೆ, ಇದೇ ಹಿತ್ತಲು, ಇದೇ ಬಾಗಿಲು. "ಸುಟ್ಟು ಹೋಗ್ಲಿ ಈ ಪದ್ಧತಿ!" ಎಂದು ಕೈಯಲ್ಲಿದ್ದ ಸೌಟು ಎಸೆದು ಅತ್ತುಬಿಟ್ಟೆ.

ಅತ್ತೆ ನಡುಮನೆಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಿ ಫೋಟೋ ನೋಡಿದರು. ನಾಯಕನಹಟ್ಟಿ ಅತ್ತೆಯ ತವರು. "ಹಟ್ಟಿ ಬಸ್ಸು ಈ ಮನೆ ಮುಂದೇನೇ ಹೋಗ್ತಿತ್ತು ಕಣಮ್ಮ," ಎಂದರು. "ನಮ್ಮವ್ವ ಸಾಯೋ ಹೊತ್ನಾಗೂ ಈಯಮ್ಮ ನನ್ನ ಹತ್ತಿಸ್ಲಿಲ್ಲ. ನೀನು ಅಳಬ್ಯಾಡ, ಸುಮ್ಕಿರು."

ಆಮೇಲೆ ಆ ಹೆಸರು ಹಿಡಿದು ಕೂಗಿದರು ನೋಡಿ, ಬೀದಿಗೆಲ್ಲ ಕೇಳುವಂತೆ! "ಬಾರೇ ಇಲ್ಲಿ! ಕುಂತ್ಕೋ! ಆ ಮೊರ ತಗೊಂಡ್ ಬಾ!" ಕೂಸು ಮೊದಲು ಬೆಪ್ಪಾಗಿ ನಿಂತಿತು, ಆಮೇಲೆ ಆಟವೆಂದು ತಿಳಿದು ಕುಣಿಯುತ್ತ ಮೊರ ಎಳೆದು ತಂದಿತು. ಅತ್ತೆ ಬಿಡಲಿಲ್ಲ. ಹೆಸರು ಹಿಡಿದು ನೀರು ತರಿಸಿದರು, ಸಿಪ್ಪೆ ಬಳಿಸಿದರು, ಮೂಲೆಯಲ್ಲಿ ನಿಲ್ಲಿಸಿದರು. ನನಗೆ ಅಳುವಿನ ನಡುವೆಯೇ ನಗು ಉಕ್ಕಿತು.

ಭಾನುವಾರ ಮಂಡಿಗೆ ರಜೆಯೆಂದು ಜಗಲಿಯಲ್ಲಿದ್ದ ಮಾವ ಧಡಕ್ಕನೆ ಒಳಗೆ ಬಂದರು. "ಏನೇ ಇದು, ನಮ್ಮವ್ವನ ಹೆಸ್ರು ಹಿಡ್ದು ಹಿಂಗೆ ಬೈಯ್ತೀಯಾ?"

"ನಿಮ್ಮವ್ವನ್ನ ಅಲ್ರೀ, ಮೊಮ್ಮಗಳನ್ನ ಕರೀತಿದೀನಿ. ನೀವೇ ಇಟ್ಟ ಹೆಸ್ರಲ್ವಾ?"

ಅತ್ತೆ ಮಾವನಿಗೆ ಎದುರಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮಾವನೂ ನೋಡಿರಲಿಲ್ಲವೆಂದು ಕಾಣುತ್ತದೆ. ಮತ್ತೆ ಜಗಲಿಗೇ ಹೋಗಿ ಕುಳಿತರು.

ಸೋಮವಾರವೂ ಅತ್ತೆ ಜೊತೆಗೆ ಬಂದರು. ಮೇಡಂ ಕೇಳುತ್ತಿದ್ದಂತೆ ಮಗಳು ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿ, ಕೊನೆಗೆ "ಬಾರೇ ಇಲ್ಲಿ!" ಎಂದೂ ಸೇರಿಸಿದಳು. ಮೇಡಂ ನಕ್ಕು ಸೀಟು ಕೊಟ್ಟರು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಮಧ್ಯಾಹ್ನ ಮಗೂನ ಯಾರು ಕರ್ಕೊಂಡ್ ಹೋಗ್ತಾರೆ?"

"ಇವರೇ, ನಮ್ಮತ್ತೆ."

"ಅವರ ಹೆಸ್ರು?"

ಅಯ್ಯೋ ಶಿವನೇ, ಮತ್ತೆ ಅದೇ! ನೀವೇ ಹೇಳಿಬಿಡಿ ಎಂಬಂತೆ ಅತ್ತೆಯ ಮುಖ ನೋಡಿದೆ. ಅವರು ತಲೆಯಾಡಿಸಿದರು.

"ನೀನೇ ಹೇಳು," ಎಂದರು. "ಈ ಮನೆಗೆ ಬಂದಾಗಿಂದ ನನ್ನ ಹೆಸ್ರು ಹಿಡ್ದು ಯಾರೂ ಕರ್ದಿಲ್ಲ. ಒಂದ್ಸಲ ಕೇಳ್ತೀನಿ."

ಸೊಸೆಯ ಬಾಯಲ್ಲಿ ಅತ್ತೆಯ ಹೆಸರು! ಆದರೂ ಹೇಳಿದೆ.

"ಓ," ಎಂದು ಓಗೊಟ್ಟರು ಅತ್ತೆ.